ನೀರಿನ ದಂಡೆಯ ಮನೆ, ಊರೊಳಗಿನ ಮನೆ

ತುಂಗಭದ್ರೆಯ ಉತ್ತರ ದಂಡೆಯಲ್ಲಿ ಸಾಣಾಪುರ, ವಿರೂಪಾಪುರ ಗಡ್ಡಿ, ಆನೆಗೊಂದಿ ಹತ್ತಿರ ಹತ್ತಿರದಲ್ಲೇ ಇವೆ. ಸೈಕಲ್ ತುಳಿಯುವವರು ಒಂದೇ ಹೊತ್ತಿನಲ್ಲಿ ಮೂರನ್ನೂ ಸುತ್ತಿ ಬರುತ್ತಾರೆ. ಹೊರಗಿನವರಿಗೆ ನಾಲ್ಕು ದಿನದ ಮಟ್ಟಿಗೆ ಮನೆ ಬಾಡಿಗೆಗೆ ಕೊಡುವ ವ್ಯವಹಾರ ಈ ಮೂರೂ ಕಡೆ ನಮ್ಮ ತಲೆಮಾರಿನ ಕಣ್ಣೆದುರೇ ಹುಟ್ಟಿ ಬೆಳೆಯಿತು; ಮೂರೂ ಕಡೆ ಅದರ ಗತಿ ಬೇರೆ ಬೇರೆಯಾಯಿತು. ಗಡ್ಡಿಯಲ್ಲಿ ಅದು 2020ರ ಮಾರ್ಚ್‌ನಲ್ಲಿ ಜೆಸಿಬಿಗಳ ಕೆಳಗೆ ಮುಗಿದುಹೋಯಿತು. ಆನೆಗೊಂದಿಯಲ್ಲಿ ಹಳೆಯ ಮನೆಗಳೊಳಗೆ ಮೆಲ್ಲಗೆ ಬೇರುಬಿಟ್ಟಿತು. ಸಾಣಾಪುರದಲ್ಲಿ ಅದು ಯಾವ ಕಡೆ ವಾಲುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇಷ್ಟು ವರ್ಷಗಳ ನೆನಪನ್ನು ಕೂಡಿಸಿ ನೋಡಿದರೆ ನನಗೆ ಕಾಣುವುದಿಷ್ಟು: ಊರೊಳಗಿನ ಹಳೆಯ ಮನೆಯನ್ನು ರಿಪೇರಿ ಮಾಡಿ ಅತಿಥಿಗಳಿಗೆ ಕೊಡುವುದರಿಂದ ಮನೆಯೂ ಉಳಿಯುತ್ತದೆ, ಊರೂ ಉಳಿಯುತ್ತದೆ. ಬರೀ ನೋಟಕ್ಕಾಗಿ ನೀರಿನ ದಂಡೆಯಲ್ಲಿ ಹೊಸದೊಂದನ್ನು ಎಬ್ಬಿಸಿ ಬಾಡಿಗೆಗೆ ಬಿಟ್ಟರೆ ಇಂದಲ್ಲ ನಾಳೆ ಎರಡಕ್ಕೂ ಕುತ್ತು ಬರುತ್ತದೆ.

ಸಾಣಾಪುರಕ್ಕೆ ಸಮುದ್ರವಿಲ್ಲ. ಆದರೆ ನೀರಿಗೆದುರಾಗಿ ಕೂತು ಹೊತ್ತು ಕಳೆಯಬೇಕೆಂಬ ಪಟ್ಟಣದವರ ಆಸೆಗೆ ಬೇಕಾದದ್ದೆಲ್ಲ ಇಲ್ಲಿದೆ. ಊರವರು ಕೆರೆ ಎಂದೇ ಕರೆಯುವ ಇಲ್ಲಿನ ಜಲಾಶಯ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಹಿಡಿದಿಟ್ಟು ಮುಂದಕ್ಕೆ ಬಿಡುವ ಸಮತೋಲನ ಜಲಾಶಯ. ಸುತ್ತಲೂ ಗುಂಡುಬಂಡೆಗಳ ಗುಡ್ಡ, ಬಂಡೆಗಳ ನಡುವೆ ತಿಳಿನೀರು, ಆಚೆ ಭತ್ತದ ಗದ್ದೆ. ಇದು ಪ್ರಕೃತಿ ತಾನೇ ಕೊಟ್ಟ ಚೆಲುವು ಎಂದು ಬರುವವರು ಅಂದುಕೊಳ್ಳುತ್ತಾರೆ. ನಿಜಕ್ಕೂ ಇದು ಗಾರೆಯವರ, ಕಲ್ಲುಕುಟಿಗರ, ಎಂಜಿನಿಯರರ ಕೆಲಸ. ತುಂಗಭದ್ರಾ ಅಣೆಕಟ್ಟು ಕಟ್ಟುವ ಕಾಲಕ್ಕೆ ಎಡದಂಡೆ ನಿಜಾಮರ ಹೈದರಾಬಾದಿನದು, ಬಲದಂಡೆ ಮದ್ರಾಸಿನದು. 1945ರಲ್ಲಿ ಎರಡೂ ಸರ್ಕಾರಗಳು ಕೂಡಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವು, 1953ರ ಹೊತ್ತಿಗೆ ನೀರು ನಿಂತಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಗೋಡೆಯಿಂದಲೇ ಗಂಗಾವತಿ ಸೀಮೆ ಭತ್ತದ ಕಣಜವಾಯಿತು, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ಸಾಣಾಪುರಕ್ಕೆ ಕೆರೆ ಸಿಕ್ಕಿತು. ಹಾಗಾಗಿ ಇಲ್ಲಿನ ನೋಟ ಕೂಡ ರೈತನ ನೀರಿನ ಒಂದು ಭಾಗ. ಅದನ್ನು ನೋಡಲು ಯಾರು ಎಲ್ಲಿ ಕೂರಬೇಕು ಎಂಬ ಮಾತು ಎತ್ತಿದಾಗ ಇದನ್ನು ಮರೆಯಬಾರದು.

ಗಡ್ಡಿಯ ಕಥೆಯಲ್ಲಿ ಈ ಮರೆವು ಎದ್ದು ಕಾಣುತ್ತದೆ. ಹಂಪಿಯ ವಿರೂಪಾಕ್ಷ ಗುಡಿಯ ಎದುರಿಗೆ, ನದಿಯ ಆಚೆ ದಡದಲ್ಲಿರುವ ಈ ನಡುಗಡ್ಡೆಗೆ ದೋಣಿ ಹತ್ತಿ ಬರುವ ವಿದೇಶಿಯರು ಮೊದಮೊದಲು ಉಳಿಯುತ್ತಿದ್ದುದು ಊರವರ ಗುಡಿಸಲುಗಳಲ್ಲಿ. ಬರುವವರು ಹೆಚ್ಚಿದಂತೆ ಗದ್ದೆಯ ಅಂಚಿಗೆ ಸಾಲು ಕೋಣೆಗಳು, ಜೋಕಾಲಿಗಳು, ಅಂಗಡಿಗಳು ಬಂದವು. ದಿಂಬಿನ ಮೇಲೆ ತಲೆಯಿಟ್ಟು ಮಲಗಿದರೆ ಭತ್ತದ ಹಸಿರು, ಅದರಾಚೆ ನದಿ, ನದಿಯಾಚೆ ಗೋಪುರ. ಬಾಡಿಗೆ ಕಟ್ಟುತ್ತಿದ್ದುದು ಇದಕ್ಕೆ. ಆದರೆ ಈ ಜಾಗ 1988ರ ಅಧಿಸೂಚನೆಯಲ್ಲೇ ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮುಂದಿನ ತಿಂಗಳು ಕಟ್ಟಡಗಳು ನೆಲಕ್ಕುರುಳಿದವು. ಅದಕ್ಕೂ ಮುನ್ನ, 2019ರ ಆಗಸ್ಟ್‌ನಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಗಡ್ಡಿ ಸುತ್ತುವರಿದು ನೂರಾರು ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ದೋಣಿ, ಹೆಲಿಕಾಪ್ಟರ್ ತಂದು ಅವರನ್ನು ಹೊರಗೆ ಕರೆತರಬೇಕಾಯಿತು. ಕಾನೂನೂ ನದಿಯೂ ಹೇಳಿದ್ದು ಒಂದೇ: ಇದು ಮನೆ ಕಟ್ಟುವ ಜಾಗವಲ್ಲ. ಕಟ್ಟಿದ್ದವರ ನಷ್ಟದ ಬಗ್ಗೆ ನನಗೆ ಮರುಕವಿದೆ. ಅಲ್ಲಿ ತಟ್ಟೆ ತೊಳೆದು, ಬಟ್ಟೆ ಒಗೆದು, ಬೈಕು ಬಾಡಿಗೆಗೆ ಕೊಟ್ಟು ಬದುಕುತ್ತಿದ್ದ ಹುಡುಗರು ಒಂದೇ ವಾರದಲ್ಲಿ ಬೀದಿಗೆ ಬಿದ್ದರು, ಹಿಂದೆಯೇ ಕೊರೊನಾ ಬಂತು. ಆದರೆ ಮರುಕ ಬೇರೆ, ತೀರ್ಮಾನ ಬೇರೆ. ಆ ಕಟ್ಟಡಗಳು ಬಿದ್ದ ಮೇಲೆ ಅಲ್ಲಿ ಉಳಿಸಿಕೊಳ್ಳಬೇಕಾಗಿದ್ದ ಒಂದು ಕಂಬ, ಒಂದು ಬಾಗಿಲುವಾಡವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅಷ್ಟು ವರ್ಷದ ಬಾಡಿಗೆ ಹಣ ಒಂದು ಒಳ್ಳೆಯ ಮನೆಯನ್ನೂ ಹಿಂದೆ ಬಿಡಲಿಲ್ಲ.

ಆನೆಗೊಂದಿಯ ಲೆಕ್ಕವೇ ಬೇರೆ. ಅಲ್ಲಿ ಕಿಷ್ಕಿಂಧಾ ಟ್ರಸ್ಟ್ 1997ರಲ್ಲಿ ಶಮಾ ಪವಾರ್ ಅವರ ಮುಂದಾಳತ್ವದಲ್ಲಿ ಶುರುವಾಯಿತು. ಬಾಳೆ ನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಕೆಲಸವನ್ನು ಊರಿನ ಹೆಣ್ಣುಮಕ್ಕಳಿಗೆ ಕಲಿಸಿದ ಹಾಗೆಯೇ, ಪಾಳು ಬೀಳುತ್ತಿದ್ದ ಹಳೆಯ ಮನೆಗಳನ್ನು ಸರಿಪಡಿಸಿ ಅತಿಥಿಗಳಿಗೆ ಕೊಡುವ ಪ್ರಯೋಗವೂ ನಡೆಯಿತು. ಇದು ಯಾಕೆ ದೊಡ್ಡ ಮಾತು ಎಂದು ತಿಳಿಯಬೇಕಾದರೆ ನಮ್ಮ ಕಡೆಯ ಮಾಳಿಗೆ ಮನೆಯನ್ನು ಹತ್ತಿರದಿಂದ ನೋಡಿರಬೇಕು. ಮೊಳಗಟ್ಟಲೆ ದಪ್ಪದ ಮಣ್ಣು-ಕಲ್ಲಿನ ಗೋಡೆ. ಒಳಗೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಬಂದರಿಕೆಯಂಥ ಸೊಪ್ಪಿನ ಹಾಸು, ಅದರ ಮೇಲೆ ತುಳಿದು ಹದ ಮಾಡಿದ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ತೆಳು ಪದರ. ನೆತ್ತಿಯಲ್ಲೊಂದು ಬೆಳಕಿಂಡಿ. ಮಳೆಗಾಲಕ್ಕೆ ಮೊದಲು ಮಾಳಿಗೆ ಹತ್ತಿ ಹುಲ್ಲು ಕಿತ್ತು, ಇಲಿ ಬಿಲ ಮುಚ್ಚಿ, ಹೊಸ ಸವಳು ಹರಡಿ, ನೀರು ಹರಿದು ಹೋಗುವ ದೋಣಿಯನ್ನು ಬಿಡಿಸಬೇಕು. ಒಂದು ವರ್ಷ ತಪ್ಪಿಸಿದರೆ ಹನಿ ಬೀಳುತ್ತದೆ, ಎರಡು ವರ್ಷ ತಪ್ಪಿಸಿದರೆ ಜಂತಿಗೆ ಗೆದ್ದಲು ಹತ್ತುತ್ತದೆ, ಆಮೇಲೆ ತೊಲೆ ಬಾಗುತ್ತದೆ. ಜನ ವಾಸವಿದ್ದು ಒಲೆ ಉರಿಯುತ್ತಿದ್ದರೆ ಹೊಗೆಗೆ ಹುಳು ಕೂಡ ದೂರ. ಅಂದರೆ ಮಾಳಿಗೆ ಮನೆ ಬೀಗ ಹಾಕಿಡುವ ಆಸ್ತಿಯಲ್ಲ. ಮಕ್ಕಳು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಮುದುಕರಿಬ್ಬರೇ ಉಳಿದ ಮನೆಯಲ್ಲಿ ವರ್ಷಕ್ಕೊಮ್ಮೆ ಮಾಳಿಗೆ ಹತ್ತುವವರು ಯಾರು? ಆಳು ಇಡೋಣವೆಂದರೆ ಕೂಲಿ ಎಲ್ಲಿಂದ ತರುವುದು? ಹೀಗೆ ಒಂದೊಂದಾಗಿ ಮನೆಗಳು ಕುಸಿದು, ಆ ಜಾಗದಲ್ಲಿ ಕಾಂಕ್ರೀಟ್ ಸ್ಲ್ಯಾಬಿನ ಡಬ್ಬಿಗಳು ಬಂದವು. ಬಾಡಿಗೆ ಬಂದರೆ ಸವಳು ಹಾಕುವವನಿಗೆ ಕೂಲಿ ಸಿಗುತ್ತದೆ. ಮಾಳಿಗೆಯ ಮಣ್ಣು ಮೆತ್ತುವ ಕೈಚಳಕವೂ ಅವನ ಜೊತೆ ಉಳಿಯುತ್ತದೆ. ನನ್ನ ವಾದವೆಲ್ಲ ನಿಂತಿರುವುದು ಈ ಸಣ್ಣ ಲೆಕ್ಕದ ಮೇಲೆ.

ಪಟ್ಟಣದವರು ಮಣ್ಣಿನ ಮನೆಯಲ್ಲಿ ನಾಲ್ಕು ದಿನ ಇರುತ್ತಾರೆಯೇ, ಅವರಿಗೆ ಎಸಿ ಬೇಕು, ಅಟ್ಯಾಚ್ಡ್ ಬಾತ್‌ರೂಮ್ ಬೇಕು ಎನ್ನುವವರುಂಟು. ಬೇಸಿಗೆಯ ಕೊಪ್ಪಳ ಜಿಲ್ಲೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿಗೆ ಸ್ಲ್ಯಾಬಿನ ಕೋಣೆ ರಾತ್ರಿಯಿಡೀ ಕಾವು ಉಗುಳುತ್ತದೆ, ಮಾಳಿಗೆ ಮನೆಯ ಪಡಸಾಲೆ ನಡುಮಧ್ಯಾಹ್ನವೂ ತಂಪಾಗಿರುತ್ತದೆ. ಇದನ್ನು ಯಾರಿಗೂ ಹೇಳಿ ಒಪ್ಪಿಸಬೇಕಾಗಿಲ್ಲ, ಒಂದು ರಾತ್ರಿ ಮಲಗಿದವರಿಗೆ ಗೊತ್ತಾಗುತ್ತದೆ. ಬಚ್ಚಲಿನ ಪ್ರಶ್ನೆ ನಿಜವಾದದ್ದು. ಮಣ್ಣಿನ ಗೋಡೆಗೆ ದಿನಾ ನೀರು ತಾಗಿದರೆ ಅದು ಬುಡದಿಂದಲೇ ಕರಗುತ್ತದೆ. ಸಿಮೆಂಟ್ ಗಿಲಾಯಿ ಮಾಡಿದರೆ ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಕೊಳೆಯುತ್ತದೆ. ಇದಕ್ಕೆ ಉತ್ತರ ಹಳಬರೇ ಕೊಟ್ಟುಹೋಗಿದ್ದಾರೆ: ನೀರಿನ ಕೆಲಸ ಹಿತ್ತಲಿಗೆ. ಹಿತ್ತಲಲ್ಲಿ ಪ್ರತ್ಯೇಕವಾಗಿ, ಕಲ್ಲು ಮತ್ತು ಸುಣ್ಣದ ಗಾರೆಯಲ್ಲಿ ಒಳ್ಳೆಯ ಬಚ್ಚಲು, ಶೌಚಾಲಯ ಕಟ್ಟಿ ಅಲ್ಲಿಗೊಂದು ಮಾಡು ಎಳೆದರೆ ಹಳೆಯ ಗೋಡೆಯನ್ನು ಮುಟ್ಟಬೇಕಾಗಿಲ್ಲ. ಅತಿಥಿ ಹತ್ತು ಹೆಜ್ಜೆ ನಡೆಯಬೇಕಾಗುತ್ತದೆ. ನಡೆಯಲಿ.

ಈ ದಾರಿ ನಮ್ಮದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ 1965ರಲ್ಲಿ ಜಾನ್ ಸ್ಮಿತ್ ದಂಪತಿ ಕಟ್ಟಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಬೀಳುತ್ತಿದ್ದ ಹಳೆಯ ಕಟ್ಟಡಗಳನ್ನು ಎತ್ತಿ ನಿಲ್ಲಿಸಿ, ರಜೆಗೆ ಬರುವ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟು, ಅದೇ ಹಣದಲ್ಲಿ ಅವನ್ನು ನೋಡಿಕೊಳ್ಳುತ್ತ ಬಂದಿದೆ. ಅಲ್ಲಿನ ಮನೆಗಳಲ್ಲಿ ಟೀವಿ ಇಡುವುದಿಲ್ಲ. ಉಳಿದುಕೊಂಡು ಹೋಗುವವರು ಬರೆದಿಡಲು ಒಂದು ದಪ್ಪ ಪುಸ್ತಕ ಇಟ್ಟಿರುತ್ತಾರೆ. ನಮಗೆ ಇನ್ನೂ ಹತ್ತಿರದ್ದು ಶ್ರೀಲಂಕಾದ ಲುನುಗಂಗಾ. ವಾಸ್ತುಶಿಲ್ಪಿ ಜೆಫ್ರಿ ಬಾವಾ 1948ರಲ್ಲಿ ಬೆಂಟೋಟಾ ಕಡಲತೀರದ ಹತ್ತಿರ, ದೆದ್ದುವ ಸರೋವರದ ದಂಡೆಯಲ್ಲಿದ್ದ ಹಳೆಯ ರಬ್ಬರ್ ತೋಟವೊಂದನ್ನು ಕೊಂಡು ಸಾಯುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. 2003ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಿನ ಟ್ರಸ್ಟ್ ಅದನ್ನು ಅತಿಥಿಗಳಿಗೆ ತೆರೆದು ಕಾಪಾಡುತ್ತಿದೆ. ಬಾವಾ ಆಧುನಿಕರಲ್ಲಿ ಆಧುನಿಕರು. ಹಾಗಿದ್ದೂ ಹಳೆಯ ಬಂಗಲೆಯನ್ನು ಕೆಡವದೆ ಅದರ ಮೈಯಲ್ಲೇ ಹೊಸದನ್ನು ಬೆಳೆಸಿದರು. ಅವರ ಬಳಿ ಹಣವಿತ್ತು, ಹೆಸರಿತ್ತು, ಆನೆಗೊಂದಿಯ ಮುದುಕನಿಗೆ ಏನಿದೆ ಎಂಬ ಆಕ್ಷೇಪ ಸರಿಯೇ. ಅದಕ್ಕಾಗಿಯೇ ಇಲ್ಲಿ ಟ್ರಸ್ಟ್, ಸಹಕಾರ ಸಂಘ, ಪಂಚಾಯಿತಿಯಂಥ ಒಂದು ಕೂಡುವಿಕೆ ಬೇಕು ಎನ್ನುತ್ತಿರುವುದು. ಒಂಟಿ ಮನೆಯವನಿಗೆ ರಿಪೇರಿಯ ಮೊದಲ ಕಂತು ಹೊಂದಿಸಿಕೊಳ್ಳುವುದೇ ಕಷ್ಟ. ಹತ್ತು ಮನೆಯವರು ಸೇರಿದರೆ ಬ್ಯಾಂಕು ಮಾತಾಡುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಾಣಾಪುರದ ರೈತನದು. ಗಡ್ಡಿ ಮುಚ್ಚಿದ ಮೇಲೆ ಪ್ರವಾಸಿಗರು ಹನುಮನಹಳ್ಳಿ, ಸಾಣಾಪುರದ ಕಡೆ ತಿರುಗಿದರು. ಅದಕ್ಕೂ ಮುಂಚಿನಿಂದ ಬಂಡೆ ಹತ್ತುವ ಯುವಕರು ಚಳಿಗಾಲದಲ್ಲಿ ಬರುತ್ತಿದ್ದರು. 2003ರಲ್ಲಿ ಕ್ರಿಸ್ ಶರ್ಮಾ ಎಂಬ ಅಮೆರಿಕದ ಪ್ರಸಿದ್ಧ ಆರೋಹಿಯ ‘ಪಿಲ್ಗ್ರಿಮೇಜ್’ ಚಿತ್ರ ಬಂದ ಮೇಲೆ ಈ ಬಂಡೆಗಳ ಹೆಸರು ದೂರದೇಶಕ್ಕೂ ಮುಟ್ಟಿತು. ರೈತ ಕೇಳುತ್ತಾನೆ: ಗೊಬ್ಬರದ ಬೆಲೆ ಏರಿದೆ, ಕಾಲುವೆಗೆ ಎರಡನೇ ಬೆಳೆಯ ನೀರು ಬಿಡುತ್ತಾರೋ ಇಲ್ಲವೋ ಪ್ರತಿ ವರ್ಷವೂ ಅನುಮಾನ, 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ ಹತ್ತೊಂಬತ್ತನೇ ಗೇಟೇ ಕೊಚ್ಚಿಹೋಯಿತು, ನನ್ನ ಅರ್ಧ ಎಕರೆಯಲ್ಲಿ ನಾಲ್ಕು ಕೋಣೆ ಕಟ್ಟಿಕೊಂಡು ಬದುಕಿದರೆ ನಿಮಗೇನು ನೋವು? ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ನದಿಯ ಎರಡೂ ದಂಡೆಯ 29 ಹಳ್ಳಿಗಳು, 236 ಚದರ ಕಿಲೋಮೀಟರ್ ನೆಲ ಸೇರಿದೆ. ಇಷ್ಟು ದೊಡ್ಡ ಸೀಮೆಯಲ್ಲಿ ಬದುಕುವವರಿಗೆ ಒಂದು ಗೋಡೆ ಎತ್ತುವುದೂ ತೊಡಕು. ಈ ಸಿಟ್ಟು ನ್ಯಾಯವಾದದ್ದು. 2011ರಲ್ಲಿ ಹಂಪಿ ಬಜಾರಿನಿಂದ ಜನರನ್ನು ಎಬ್ಬಿಸಿದ ರೀತಿ ಕಂಡವರಿಗೆ ಪರಂಪರೆ ಎಂಬ ಮಾತು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆದರೂ ನಾನು ಗದ್ದೆಯ ಕೋಣೆಗಳ ಪರ ನಿಲ್ಲಲಾರೆ. ಗದ್ದೆಯಲ್ಲಿ ಕಟ್ಟಿದ ನಾಲ್ಕು ಕೋಣೆ ಆ ರೈತನ ಹೆಸರಿನಲ್ಲಿ ಬಹಳ ದಿನ ಉಳಿಯುವುದಿಲ್ಲ; ದುಡ್ಡಿದ್ದವರು ಲೀಸಿಗೆ ಹಿಡಿಯುತ್ತಾರೆ, ನೋಟಿಸು ಬಂದ ದಿನ ಅವರು ಗಂಟು ಕಟ್ಟುತ್ತಾರೆ, ಕೇಸು ಮಾತ್ರ ಪಹಣಿಯಲ್ಲಿ ಹೆಸರಿದ್ದವನ ಮೇಲೆ. ಊರೊಳಗಿನ ಮನೆಗೆ ಆ ಭಯವಿಲ್ಲ. ಅದು ಮೊದಲೇ ಅಲ್ಲಿದೆ, ಅದಕ್ಕೆ ಹೊಸ ನೆಲ ಬೇಡ, ಅದನ್ನು ಕೆಡವಿಸಲು ಯಾವ ಕೋರ್ಟಿಗೂ ಕಾರಣ ಸಿಗುವುದಿಲ್ಲ. ಪ್ರಾಧಿಕಾರ ನಿಜಕ್ಕೂ ಈ ಹಳ್ಳಿಗಳ ಹಿತ ಬಯಸುವುದಾದರೆ ಹಳೆಯ ಮನೆಯ ರಿಪೇರಿಗೂ ಬಾಡಿಗೆಗೂ ಒಂದೇ ಅರ್ಜಿಯಲ್ಲಿ ಅನುಮತಿ ಕೊಡಬೇಕು. ಬೇಡ ಎನ್ನುವುದನ್ನಷ್ಟೇ ಹೇಳುತ್ತ ಹೋದರೆ ಜನ ಕದ್ದು ಕಟ್ಟುತ್ತಾರೆ.

ನೀರಿನ ದಾರಿಯ ಮಾತಿಗೆ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಸೀ ರಾಂಚ್ ಎಂಬ ವಸತಿಯೊಂದಿದೆ. ಆಧುನಿಕ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇವತ್ತಿಗೂ ಹುಡುಕಿಕೊಂಡು ಹೋಗುವ ಜಾಗ. ಲಾರೆನ್ಸ್ ಹಾಲ್‌ಪ್ರಿನ್ ನೆಲದ ನಕ್ಷೆ ಹಾಕಿದರು. ಚಾರ್ಲ್ಸ್ ಮೂರ್ ಮತ್ತು ಜೊತೆಗಾರರು ವಿನ್ಯಾಸ ಮಾಡಿದ ಮರದ ಮನೆಗಳ ಮೊದಲ ಗುಂಪು 1965ರಲ್ಲಿ ಎದ್ದಿತು. ಬಣ್ಣ ಬಳಿಯದ ಮರ, ಗಾಳಿಗೆ ತಕ್ಕ ಓರೆ ಮಾಡು, ಹುಲ್ಲುಗಾವಲನ್ನು ಹಾಗೇ ಬಿಟ್ಟ ಅಂಗಳ. ನೆಲಕ್ಕೆ ಭಾರವಾಗದಂತೆ ಬದುಕಬೇಕೆಂಬ ಅವರ ಆಸೆ ಪ್ರಾಮಾಣಿಕವಾದದ್ದು, ಮನೆಗಳೂ ಚೆಲುವಾದವು; ರಜೆಗೆ ಬರುವವರು ಇಂದಿಗೂ ಬಾಡಿಗೆಗೆ ಹಿಡಿಯುತ್ತಾರೆ. ಆದರೆ ಸುಮಾರು ಹತ್ತು ಮೈಲಿ ಉದ್ದದ ಕಡಲದಂಡೆ ಹೊರಗಿನವರಿಗೆ ಮುಚ್ಚಿಹೋಯಿತು. ಅದರ ವಿರುದ್ಧ ಎದ್ದ ಚಳವಳಿಯೂ ಸೇರಿ 1972ರ ಜನಮತಗಣನೆಗೆ, 1976ರ ಕರಾವಳಿ ಕಾಯಿದೆಗೆ ದಾರಿಯಾಯಿತು. ವರ್ಷಗಳ ಹಗ್ಗಜಗ್ಗಾಟದ ಬಳಿಕ ಸಾರ್ವಜನಿಕರಿಗೆ ಕಡಲಿಗಿಳಿಯುವ ಕೆಲವು ಕಾಲುದಾರಿಗಳು ಬಿಡುಗಡೆಯಾದವು. ಮನೆ ಎಷ್ಟೇ ಹದವಾಗಿ ಕಟ್ಟಿದ್ದರೂ ಅದು ದಂಡೆಯಲ್ಲಿ ಕೂತರೆ ದಾರಿಗೆ ಅಡ್ಡಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಸಾಣಾಪುರದ ನೀರಿಗೆ ಇಳಿಯುವವರಲ್ಲಿ ಪ್ರವಾಸಿಗರ ಜೊತೆ ಎಮ್ಮೆ ಮೈತೊಳೆಯುವವರಿದ್ದಾರೆ, ಮೀನಿಗೆ ಬಲೆ ಬಿಡುವವರಿದ್ದಾರೆ, ಹರಿಗೋಲು ಹಾಕಿ ಹೊಟ್ಟೆ ಹೊರೆಯುವವರಿದ್ದಾರೆ. ಬಿದಿರಿನ ಬುಟ್ಟಿಗೆ ಹೊದಿಕೆ ಬಿಗಿದ ಆ ಹರಿಗೋಲನ್ನು ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಆನೆಗೊಂದಿ ಹೊಳೆಯಲ್ಲಿ ಕಂಡು ಬರೆದಿಟ್ಟಿದ್ದಾನೆ. ಆಗ ತೊಗಲು, ಈಗ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು. ದಂಡೆಗೆ ಬೇಲಿ ಬಿದ್ದರೆ ಮೊದಲು ಹೊರಗುಳಿಯುವವರು ಇವರು.

2025ರ ಮಾರ್ಚ್‌ನಲ್ಲಿ ಸಾಣಾಪುರದ ಹತ್ತಿರ ಕಾಲುವೆ ಬಳಿ ರಾತ್ರಿ ಹೊತ್ತು ನಡೆದ ಕ್ರೌರ್ಯದಲ್ಲಿ ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು, ನೀರಿಗೆ ದೂಡಲ್ಪಟ್ಟ ಒಬ್ಬ ಪ್ರವಾಸಿ ಜೀವ ಕಳೆದುಕೊಂಡ. ಇದಾದ ಮೇಲೆ ಹೋಂಸ್ಟೇಗಳನ್ನೇ ಮುಚ್ಚಿಸಿ ಎಂಬ ಕೂಗು ಎದ್ದಿತು. ಆ ನೋವು ಈ ಸೀಮೆಯವರೆಲ್ಲರ ನೋವು. ಅದನ್ನು ನನ್ನ ವಾದಕ್ಕೆ ಊರುಗೋಲು ಮಾಡಿಕೊಳ್ಳುವ ಇಷ್ಟವಿಲ್ಲ. ತಪ್ಪು ಮಾಡಿದವರು ಆ ದುರುಳರು, ಅಲ್ಲಿ ನಕ್ಷತ್ರ ನೋಡಲು ಕೂತವರಲ್ಲ, ಅವರಿಗೆ ಮನೆ ಕೊಟ್ಟವರಲ್ಲ. ಅತಿಥಿಗಳನ್ನೇ ಇಲ್ಲದಂತೆ ಮಾಡಿದರೆ ಕತ್ತಲ ದಾರಿ ಕತ್ತಲಾಗಿಯೇ ಉಳಿಯುತ್ತದೆ. ಕೂಲಿ ಮುಗಿಸಿ ಮನೆಗೆ ಬರುವ ಊರ ಹೆಣ್ಣುಮಕ್ಕಳೂ ನಡೆಯುವುದು ಅದೇ ದಾರಿಯಲ್ಲಿ. ಕಾಲುವೆಯ ರಸ್ತೆಗೆ ದೀಪ, ಪೊಲೀಸ್ ಗಸ್ತು, ನೀರು ಬಿಡುವ ಹೊತ್ತು ತಿಳಿಸುವ ಫಲಕ ಇವು ಮೊದಲು ಆಗಬೇಕಾದ ಕೆಲಸ. ಜೊತೆಗೆ, ಅಕ್ಕಪಕ್ಕದ ಕಟ್ಟೆಯ ಮೇಲೆ ಜನ ಕೂತಿರುವ ಓಣಿಯ ಮನೆಗೂ ಗದ್ದೆಯ ನಡುವಿನ ಒಂಟಿ ಕೋಣೆಗೂ ಇರುವ ವ್ಯತ್ಯಾಸವನ್ನು ಯಾರಾದರೂ ಒಪ್ಪುತ್ತಾರೆ.

ಕೊನೆಯ ಆಕ್ಷೇಪವೊಂದಿದೆ, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಪರಂಪರೆಯ ಮನೆ ಎಂದು ನಾವು ಕರೆಯುವುದು ಯಾರ ಮನೆಯನ್ನು? ತೇರಿನ ಬೀದಿಯಲ್ಲಿ ಕಂಬದ ಪಡಸಾಲೆ ಇದ್ದದ್ದು ದೊಡ್ಡವರಿಗೆ. ಕೇರಿಯ ಗುಡಿಸಲು ನೂರು ವರ್ಷ ನಿಲ್ಲುವ ಹಾಗೆ ಕಟ್ಟಲು ಯಾರೂ ಬಿಡಲಿಲ್ಲ, ಹಾಗಾಗಿ ಅದು ಎಂದೂ ಪರಂಪರೆಯಾಗಲಿಲ್ಲ. ಹಳೆಯ ಮನೆಗೇ ಬಾಡಿಗೆ ಎಂದರೆ ಹಳೆಯ ಸಿರಿವಂತಿಕೆಗೇ ಹೊಸ ವರಮಾನ ಎಂದಾಗುತ್ತದೆ. ಇನ್ನು ಮನೆಯೊಳಗೆ ಬಂದರೆ, ಅತಿಥಿಗೆ ರೊಟ್ಟಿ ಬಡಿಯುವವಳು, ಹಾಸಿಗೆ ಹಾಸುವವಳು, ಬಚ್ಚಲು ತಿಕ್ಕುವವಳು ಹೆಂಗಸೇ. ಬಾಡಿಗೆ ಹಣ ಬೀಳುವುದು ಗಂಡಸಿನ ಖಾತೆಗೆ. ಇದು ತಾನಾಗಿ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ, ಕಟ್ಟುಪಾಡು ಮಾಡಬೇಕು. ಪ್ರತಿ ಬಾಡಿಗೆಯಲ್ಲೂ ಇಷ್ಟು ಪಾಲು ಪಂಚಾಯಿತಿಗೆ ಹೋಗಿ ಕೇರಿಯ ಮನೆಗಳ ರಿಪೇರಿಗೇ ಮೀಸಲಾಗಲಿ. ಅತಿಥಿಯ ಅಡುಗೆಯ ದುಡ್ಡು ಅಡುಗೆ ಮಾಡಿದವಳ ಖಾತೆಗೆ ನೇರವಾಗಿ ಬೀಳಲಿ. ಆನೆಗೊಂದಿಯಲ್ಲಿ ಬಾಳೆ ನಾರಿನ ಕೆಲಸ ಹೆಣ್ಣುಮಕ್ಕಳ ಕೈಗೆ ಸ್ವಂತ ಕಾಸು ಕೊಟ್ಟಿರುವುದರಿಂದ ಇದು ಆಗದ ಮಾತೇನಲ್ಲ.

ಇದಕ್ಕೆಲ್ಲ ಹಣದ ಮಾತು ಬಂದರೆ, ಇದೇ ಸೀಮೆಯ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆಂದು ಸರ್ಕಾರ 2022ರ ಬಜೆಟ್ಟಿನಲ್ಲಿ 100 ಕೋಟಿ ರೂಪಾಯಿ ಘೋಷಿಸಿತು. ಬೆಟ್ಟ ಹತ್ತಲು ಬರುವ ಭಕ್ತರು ಪ್ರತಿ ಶನಿವಾರ ರಸ್ತೆ ತುಂಬುತ್ತಿದ್ದಾರೆ. ಇವರಿಗೆಲ್ಲ ಉಳಿಯಲು ಜಾಗ ಬೇಕಾಗುತ್ತದೆ, ಯಾತ್ರಿ ನಿವಾಸದ ದೊಡ್ಡ ಕಟ್ಟಡಗಳ ಮಾತೂ ಇದೆ. ಅಂಥ ಹಣದಲ್ಲಿ ಒಂದು ಸಣ್ಣ ಭಾಗವನ್ನು ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯ ಬೀಗ ಬಿದ್ದ ಮಾಳಿಗೆ ಮನೆಗಳಿಗೆ ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟು, ಸವಳು ಹಾಕುವ, ಜಂತಿ ಕೂರಿಸುವ ಕಸುಬುದಾರರ ಪಟ್ಟಿ ಮಾಡಿ, ಹಿತ್ತಲ ಬಚ್ಚಲಿಗೆ ಒಂದು ಮಾದರಿ ನಕ್ಷೆ ಒದಗಿಸಿದರೆ ಸಾಕು. ಈ ಕೆಲಸ ಶುರುವಾಗಬೇಕಾದ್ದು ಮುಂದಿನ ಮಳೆಗಾಲಕ್ಕೆ ಮೊದಲು, ಏಕೆಂದರೆ ಈಗಾಗಲೇ ಹನಿ ಬೀಳುತ್ತಿರುವ ಮಾಳಿಗೆಗಳು ಇನ್ನೆರಡು ಮಳೆಗಾಲ ತಡೆಯುವುದಿಲ್ಲ.